ಸಿವುಡು

ದೇವರ ಹಿಪ್ಪರಗಿ. ಹತ್ತನೆಯ ಇಯತ್ತೆ, ಊಟದ ನಂತರದ ಪೀರಿಯಡ್ಡು.
ಬೋರ್ಡಿನ ಮೇಲೆ 'ಫ್ಯಾಸಿಸಂ' ಬರೆದೆ.
ಮೂಲ ಪದಕ್ಕೆ ಕಟ್ಟು ಅಂತ ಅರ್ಥ, ಕೋಲುಗಳ ಕಟ್ಟು,
ನಡುವೆ ಒಂದು ಕೊಡಲಿ.
"ಸಿವುಡು ಅನ್ರಿ ಸರ," ಅಂದ ಹಿಂದಿನ ಬೆಂಚಿನ ಚನಮಲ್ಲ.
ನಕ್ಕರು. ನಾನೂ.

ಆಮೇಲೆ ಹೇಳಿದೆ:
ಯುದ್ಧದಿಂದ ಮರಳಿದವರಿಗೆ ಕೆಲಸವಿಲ್ಲ,
ರೊಟ್ಟಿ ತುಟ್ಟಿ, ಕೂಲಿಯವರ ಮುಷ್ಕರ, ಒಡೆಯರಿಗೆ ಅಂಜಿಕೆ.
ಆಗ ಕೆಲವರು ಕರಿ ಅಂಗಿ ಹೊಲಿಸಿದರು.
ಎದುರಾಡಿದವರ ಬಾಯಿಗೆ ಹರಳೆಣ್ಣೆ ಸುರಿದರು.
ಒಂಟಿ ಕೋಲು ಮುರಿಯುತ್ತದೆ, ಕಟ್ಟು ಮುರಿಯದು ಅಂದರು.
(ಇದೇ ಕತೆಯನ್ನು ಆರನೆಯ ಇಯತ್ತೆಗೆ
ಒಗ್ಗಟ್ಟಿನ ನೀತಿಯೆಂದು ಹೇಳುತ್ತೇನೆ,
ಆಗ ನೆನಪಾಯಿತು.)

ಲಾಲಬಿ ನದಾಫ ಎದ್ದಳು.
ಅವ್ವನ ಜೋಡಿ ಜೋಳ ಕೊಯ್ಯಲು ಹೋಗಿ
ಹದಿನೈದು ದಿನ ಸಾಲಿ ಬಿಟ್ಟವಳು; ಅಂಗೈಯಲ್ಲಿ ಇನ್ನೂ ಗೀರು.
"ಸಿವುಡು ಕಟ್ಟೂದು ಬಿಚ್ಚಾಕ, ಸರ.
ತೆನಿ ಕಣಕ್ಕ, ಕಣಿಕಿ ದನಕ್ಕ.
ಅವರು ಯಾವಾಗ ಬಿಚ್ಚಿದ್ರು?"

ಇಸವಿ ಹೇಳಿದೆ. ಸತ್ತವರ ಲೆಕ್ಕ ಹೇಳಿದೆ.
"ಕೊಡ್ಲಿ?" ಅಂದಳು. "ಅದೇನಾತು?"

ಗಂಟೆ ಹೊಡೆಯಿತು.
ಬಯಲಲ್ಲಿ ಕವಾಯತು, ಮುನ್ನೂರು ಕಾಲು, ಒಂದೇ ಸದ್ದು.
ಎಷ್ಟು ಚೆಂದ ಕೇಳಿಸಿತೆಂದರೆ
ಸೀಮೆಸುಣ್ಣ ಹಿಡಿದುಕೊಂಡೇ
ಕಿಟಕಿಗೆ ಹೋಗಿ ನಿಂತೆ.