ತನ್ನೂರು

ಐತಪ್ಪ ಕೋಟ್ಯಾನ್, ವಯಸ್ಸು ನಲವತ್ತಾರು,
ಮುಹರ್ರಕ್‌ನ ಹಳೆ ಗಲ್ಲಿಯ ಖುಬ್ಬೂಸ್ ಅಂಗಡಿ,
ಹತ್ತೊಂಬತ್ತು ವರ್ಷ.
ಇಷ್ಟು ಚೀಟಿಯಲ್ಲಿತ್ತು.
ಬಾಟಲಿಯಲ್ಲಿ, ಅವನ ಬಲ ಶ್ವಾಸಕೋಶಕ್ಕೆ ಬಿಟ್ಟು
ಮತ್ತೆ ಹೀರಿ ತೆಗೆದ ಉಪ್ಪುನೀರು,
ಗಂಜಿತಿಳಿಯ ಹಾಗೆ ಮಬ್ಬು.

ಅರಬ್ಬಿಯಲ್ಲಿ ತನ್ನೂರು ಎಂದರೆ ಒಲೆ.
ಮೊದಲ ಸಲ ನಾನು ಮೋಸಹೋದೆ.
"ತನ್ನೂರಿನ ಮುಂದೆ ನಿಂತೇ ಇರ್ತೇನೆ ಅಕ್ಕ, ಬೆಳಗಿನ ಮೂರರಿಂದ"
ಎಂದವನಿಗೆ ಯಾವೂರು ಎಂದು ಕೇಳಿಬಿಟ್ಟೆ.
ನಗಲು ಹೋಗಿ ಕೆಮ್ಮಿದ.
ಎದೆಯ ಸಿಳ್ಳೆ ಬಾಗಿಲಾಚೆಗೂ ಕೇಳಿಸಿತು.

ಗಾಜಿನ ಮೇಲೊಂದು ಹನಿ ಹರಡಿ ಬಣ್ಣ ಹಾಕಿದೆ.
ಮೊದಲು ಕಂಡವರು ಗುಡಿಸುವವರು.
ದೊಡ್ಡ ಮೈ, ನಿಧಾನ;
ಗಾಳಿಗೂಡಿನ ಅಂಗಳಕ್ಕೆ ಬಿದ್ದ ಹೊಗೆ, ಮಸಿ, ಮರಳು
ಎಲ್ಲ ನುಂಗಿ ಗುಲ್ಲೆಬ್ಬಿಸದೆ ಕೂತಿದ್ದಾರೆ,
ಹೊಟ್ಟೆಯಲ್ಲಿ ಕಪ್ಪು ಚುಕ್ಕೆ.
ನಮ್ಮ ಬೀದಿಗೆ ಕಿತ್ತಳೆ ಅಂಗಿ ತೊಟ್ಟು
ನಾಲ್ಕಕ್ಕೆ ಬರುವವರನ್ನೂ ಯಾರೂ ಮಾತಾಡಿಸುವುದಿಲ್ಲ.

ಅವರ ನಡುವೆ, ಇರಬಾರದಷ್ಟು, ಕೆಂಪು ಕಾಳಿನವರು.
ನೂರಕ್ಕೆ ಒಂದಿದ್ದರೆ ಸುಮ್ಮನಿರಬಹುದು. ಎಣಿಸಿದೆ: ಹದಿನಾಲ್ಕು.
ಆ ಬಣ್ಣದ ಹೆಸರಿನ ಬೇರು ಮುಂಜಾವಂತೆ, ಕಾಲೇಜಿನಲ್ಲಿ ಬರೆಸಿದ್ದರು.
ಆಕಾಶಕ್ಕೆ ಆ ಬಣ್ಣ ಬರುವ ಹೊತ್ತಿಗೆ
ಐತಪ್ಪ ಆರುನೂರು ರೊಟ್ಟಿ ಸುಟ್ಟು ಆಗಿರುತ್ತದೆ.

ಇನ್ನು ಕೆಲವರು ಸಣ್ಣವರು, ಗುಂಡಗೆ, ಮೈಯೆಲ್ಲ ತಲೆ.
ನೋಡಲು ಎಲ್ಲ ಒಂದೇ, ನನ್ನ ಬಣ್ಣಕ್ಕೆ ಭೇದ ತಿಳಿಯದು.
ಆದರೆ ಅವರಲ್ಲಿದ್ದಾರೆ ರಕ್ತಕ್ಕೆ ಮರಳದವರು,
ಒಮ್ಮೆ ಬಂದು ಅಲ್ಲೇ ಮನೆ ಹಿಡಿದವರು.
ಪುಸ್ತಕದಲ್ಲಿ ಅವರಿಗೆ ನಿವಾಸಿಗಳು ಎಂದೇ ಹೆಸರು.
ಒಂಬತ್ತು ಸಲ ಠಸ್ಸೆ ಹೊಡೆಸಿಕೊಂಡವನ ಎದೆಯೊಳಗೆ
ಠಸ್ಸೆ ಬೇಡದ ನಿವಾಸಿಗಳು!
ಅವರ ಕೆಲಸ ನೆನಪು.
ಯಾವತ್ತೋ ಒಂದು ದಿನ, ಯಾವ ಮೂಟೆ ಬಿಚ್ಚಿದಾಗಲೋ,
ಗೋಧಿಯ ಧೂಳನ್ನು ಶತ್ರು ಎಂದು ಬರೆದುಕೊಂಡರು.
ಆಮೇಲೆ ತಿದ್ದಲಿಲ್ಲ.

ಹಗ್ಗವನ್ನು ಹಾವೆಂದುಕೊಂಡವನಿಗೆ ದೀಪ ತೋರಿಸಿದರೆ ಆಯಿತು.
ಇಲ್ಲಿ ದೀಪವಿದೆ, ಮೈಕ್ರೋಸ್ಕೋಪಿನ ಬುಡದಲ್ಲಿ ಉರಿಯುತ್ತಿದೆ,
ನೋಡಬೇಕಾದವರು ಸತ್ತು ಗಾಜಿಗೆ ಅಂಟಿದ್ದಾರೆ.
ಬದುಕಿರುವವರು ಕತ್ತಲಲ್ಲಿ.
ಒಂದು ಚಿಟಿಕೆ ಹಿಟ್ಟು ಹಾರಿದರೆ ಸಾಕು,
ಅವರ ಮಾತು ಕೇಳಿ ಮೊದಲೇ ಬತ್ತಿ ಹೊಸೆದಿಟ್ಟುಕೊಂಡ
ಗರ್ನಾಲಿನ ಚೀಲಗಳು ಗೋಡೆ ಪಕ್ಕ ಸಿಡಿಯುತ್ತವೆ,
ಕೊಳವೆಯ ಸುತ್ತಿನ ಸ್ನಾಯು ಮುಷ್ಟಿ ಕಟ್ಟುತ್ತದೆ.
ಬೇಲಿಯೇ ಹೊಲ ಮೇಯಿತು ಅನ್ನುತ್ತಾರಲ್ಲ,
ಇಲ್ಲಿ ಮೇಯಲಿಲ್ಲ. ವರ್ಷ ವರ್ಷ ದಪ್ಪವಾಯಿತು ಬೇಲಿ,
ಹೊಲಕ್ಕೆ ಜಾಗ ಉಳಿಯಲಿಲ್ಲ.

ಹಿಟ್ಟು ಬಿಡಬೇಕು, ಡಾಕ್ಟರು ಅಂದರಂತೆ.
"ಹಿಟ್ಟು ಬಿಟ್ರೆ ವೀಸಾ ಬಿಡ್ಬೇಕಲ್ಲ ಅಕ್ಕ.
ಅದರಲ್ಲಿ ಬರೆದದ್ದೇ ಬೇಕರ್ ಅಂತ."
ಠಸ್ಸೆಗೆ ಮುಂಚಿನ ಎಕ್ಸ್‌ರೇಯಲ್ಲಿ ಅವನು ಪ್ರತಿ ಸಲ ಪಾಸು.
ಉಬ್ಬಸ ಆ ಚಿತ್ರದಲ್ಲಿ ಬೀಳುವುದಿಲ್ಲ;
ಉಸಿರು ಬಿಗಿಹಿಡಿ ಅನ್ನುತ್ತಾರೆ, ಹಿಡಿಯುತ್ತಾನೆ,
ಬಿಡುವುದಲ್ಲವೇ ಕಷ್ಟ.

ವರದಿಗೆ ಸಹಿ ಹಾಕಿ ಹೊರಬಂದರೆ ಬೆಂಚಿನ ಮೇಲೆ ಕೂತಿದ್ದ,
ಹಳೆಯ ಅರಬ್ಬಿ ಪೇಪರಿನಲ್ಲಿ ಸುತ್ತಿದ ಎರಡು ಖುಬ್ಬೂಸ್.
"ಇವತ್ತಿಂದೇ. ಬಿಸಿ ಆರಿರಬಹುದು."
ಹದಿನಾಲ್ಕು ಎಂದು ನಾನು ಹೇಳಲಿಲ್ಲ, ಅದು ಡಾಕ್ಟರ ಮಾತು.

ಬಸ್‌ಸ್ಟಾಪಿನಲ್ಲಿ ಮುರಿದೆ.
ಅಂಗೈಗೆ ಬಿಳಿ ಹಿಟ್ಟು ಮೆತ್ತಿತು. ಊದಿದೆ.
ಕೊಲ್ಲಿಯ ಗಾಳಿ ಅದನ್ನು ತಿರುಗಿಸಿ ನನ್ನ ಮೂಗಿಗೇ ತಂದಿತು.
ಒಳಗಿನವರು ಯಾರೂ ಏಳಲಿಲ್ಲ.