ಹನ್ನೊಂದು ನಿಮಿಷ

ಆರು ಸಾವಿರ ಲೀಟರಿನ ಹಂಡೆ.
ಉಕ್ಕಿನ ಹೊಟ್ಟೆ, ಒಳಗೆ ಗಾಜಿನ ಲೇಪ,
ಹೊರಗೆ ಅಂಗಿಯ ಹಾಗೆ ಸುತ್ತಿಕೊಂಡ ನೀರು,
ನಿನ್ನೆಯವರೆಗೂ ಆಲ್ಪ್ಸಿನ ಮೇಲೆ ಹಿಮವಾಗಿದ್ದದ್ದು.
ಕಿಟಕಿಯಾಚೆ ರೋನ್ ನದಿ, ಬೂದುಹಸಿರು, ಸದಾ ಅವಸರ.

ಆಮ್ಲವನ್ನು ನಾಲ್ಕೇ ಗಂಟೆಯಲ್ಲಿ ಸುರಿದು ಮುಗಿಸಬಾರದೇ
ಎಂದು ಮೇಲಿನ ಮಹಡಿ ಕೇಳುತ್ತಿತ್ತು ಆ ವರ್ಷವಿಡೀ.
ಇಳುವರಿ ನೂರಕ್ಕೆ ತೊಂಬತ್ತೊಂದು;
ಇನ್ನೆರಡು ಏರಿದರೆ ಕ್ರಿಸ್‌ಮಸ್ಸಿಗೆ ಎಲ್ಲರಿಗೂ ಲಕೋಟೆ.
ಓದಿಲೊ ಹೈಂಜೆನ್ ಗಟ್ಟಿ ರೈ ರೊಟ್ಟಿಯನ್ನು
ಚಾಕುವಿನಲ್ಲಿ ಸೀಳುತ್ತ
"ಆರು" ಎನ್ನುತ್ತಿದ್ದ.
ಅಷ್ಟೇ.

ನನಗೆ ಹತ್ತೊಂಬತ್ತು. ಅವನ ಮೊದಲ ಪಾಠ:
ಬಿಸಿಗೆ ಹೆದರಬೇಡ ಹುಡುಗಿ,
ಬಿದ್ದ ಹನಿ ಆಗಲೇ ಉರಿದರೆ ಲೆಕ್ಕ ಚುಕ್ತಾ.
ಸುರಿದೂ ಸುರಿದೂ ಬಿಸಿಯೇರದಿದ್ದರೆ
ಆಗ ಹೆದರು.

ನಾನು ತಲೆಯಾಡಿಸಿದ್ದೆ. ಕೇಳಿಸಿಕೊಂಡಿರಲಿಲ್ಲ.

ಜೂನಿನ ರಾತ್ರಿ, ಎರಡೂ ನಲವತ್ತು.
ಅರವತ್ತೆರಡು, ಅರವತ್ತು, ಐವತ್ತೇಳು...
ಮುಳ್ಳು ಇಳಿಯುತ್ತಿತ್ತು, ನಾನು ಹಿಗ್ಗುತ್ತಿದ್ದೆ.
ದಾಖಲೆ ಪುಸ್ತಕದಲ್ಲಿ ಬರೆದೆ: ಚೆನ್ನಾಗಿದೆ.
ಕಲಕುವ ರೆಕ್ಕೆ ನಿಂತಿತ್ತು.
ನಿಂತಿದೆ ಎನ್ನಬೇಕಾದ ಕೆಂಪು ದೀಪದ
ಬಲ್ಬು ಯಾವಾಗಲೋ ಸುಟ್ಟಿತ್ತು.
ಹನ್ನೊಂದು ನಿಮಿಷದ ಆಮ್ಲ, ಬೆರೆಯದೆ,
ತಳದಲ್ಲಿ ಕೂತು ಕಾಯುತ್ತಿತ್ತು,
ಬೂದಿಯೂ ಇಲ್ಲದ ಕೆಂಡ.

ಗೊತ್ತಾದ ಕೂಡಲೇ ನನ್ನ ಬೆರಳು ಹಸಿರು ಗುಂಡಿಗೆ ಹೋಯಿತು.
ನಿಂತದ್ದನ್ನು ತಿರುಗಿಸಬೇಕು, ಇನ್ನೇನು?
ಗುಂಡಿಯ ಮೇಲೆ ಆಗಲೇ ಅವನ ಅಂಗೈ ಇತ್ತು.
ಕೂಗಲಿಲ್ಲ.
"ಈಗ ಕಲಕಿದರೆ
ಹನ್ನೊಂದು ನಿಮಿಷವೂ ಒಂದೇ ಉಸಿರಿಗೆ ಬರುತ್ತೆ."

ಆಮ್ಲದ ಕವಾಟ ಮುಚ್ಚಿದ. ತಣ್ಣೀರು ಪೂರ್ತಿ ಬಿಟ್ಟ.
ಉಳಿದವರನ್ನು ನದಿಯ ದಂಡೆಗೆ ಅಟ್ಟಿದ, ನನ್ನನ್ನೂ.
ನಾನು ಹೋಗಲಿಲ್ಲ, ಅವನು ಮತ್ತೆ ಹೇಳಲಿಲ್ಲ.
ತಳದ ಕೊಳವೆಯಿಂದ ನೈಟ್ರೋಜನ್,
ನಾಲ್ಕು ಗುಳ್ಳೆ. ಕಾಯುವುದು.
ಮುಳ್ಳು ಎರಡು ಡಿಗ್ರಿ ಜಿಗಿದು ಇಳಿಯುವುದು.
ಮತ್ತೆ ನಾಲ್ಕು.
ಬೆಟ್ಟದ ನೆತ್ತಿ ಕೆಂಪಾಗುವವರೆಗೂ
ನಾವಿಬ್ಬರೂ ಮೂತ್ರಕ್ಕೂ ಏಳಲಿಲ್ಲ.

ಸರಕು ಕಾಫಿಯ ಗಷ್ಟಿನ ಹಾಗೆ ಕಪ್ಪಗಿತ್ತು.
ಇಳುವರಿ ಅರವತ್ತೆಂಟು ಎಂದು ಶಾಯಿಯಲ್ಲಿ ಬರೆದ.
ನನ್ನ "ಚೆನ್ನಾಗಿದೆ"ಯನ್ನು ಅಳಿಸಲಿಲ್ಲ,
ಕೆಳಗೆ ಸಹಿ ಮಾತ್ರ ಹಾಕಿಸಿದ.

ಈಗ ಪಾಳಿ ನನ್ನದು. ಆರು ಗಂಟೆ ಎನ್ನುವವಳೂ ನಾನೇ.
ನಾಲ್ಕಾದರೆ ಲಾಭ ಎಷ್ಟೆಂದು ನನಗೂ ಲೆಕ್ಕ ಬರುತ್ತದೆ.

ಮೂರು ದಿನದಿಂದ ಮನೆಯಲ್ಲಿ ಮಗಳ ಸದ್ದಿಲ್ಲ.
ಕೇಳಿದರೆ "ಚೆನ್ನಾಗಿದ್ದೇನೆ" ಅಂದಳು.
ಅವಳ ಬಾಗಿಲನ್ನು ದೂಡಲಿಲ್ಲ.
ಹೊರಗೆ ನೆಲಕ್ಕೆ ಕೂತು, ಸಂದಿಯಿಂದ
ಬೆಕ್ಕಿನ ಬಗ್ಗೆ ಏನೋ ಒಂದು ಕೇಳಿದೆ.
ಕಾದೆ.