ಅಲುಗಿಸದ ಆರು ಗಂಟೆ

ಒಂಬತ್ತು ವರ್ಷ
ಬೆಳಗಿನ ಆರೂ ಹದಿನಾಲ್ಕರ ರೈಲಿನಲ್ಲಿ
ಮಾಲ್ಮೋದಿಂದ ಕೋಪನ್‌ಹೇಗನ್ನಿಗೆ
ಎದುರುಬದುರು ಕೂತೆವು, ಹಿಲ್ಲೆವಿ ಮತ್ತು ನಾನು.
ಮಾತಾಡಿದ್ದು: ಸೇತುವೆಯ ಮೇಲಿನ ಗಾಳಿ,
ಕಳುವಾದ ಅವಳ ಸೈಕಲ್ಲು, ನನ್ನ ಹಲ್ಲುನೋವು,
ಬಾಡಿಗೆ ಅಗ್ಗವೆಂದು ನೀರು ದಾಟಿ ನೆಲೆಸಿದ
ಡೇನರ ಪೈಕಿ ನಾನೂ ಒಬ್ಬನೆಂಬುದು.
ಮಾತಾಡದೆ ಬಿಟ್ಟದ್ದು:
ಇಬ್ಬರ ಕೈಗೂ ಮೆತ್ತಿದ್ದ ಒಂದೇ ವಾಸನೆ.

ಯೀಸ್ಟಿನದು. ಹುಳಿಗೂ ರೊಟ್ಟಿಗೂ ನಡುವಿನದು.
ಎರಡು ಸಲ ಸೋಪು ಹಚ್ಚಿದರೂ ಬಿಡದ್ದು.
ನಾಲಿಗೆಗೆ ಗೋಪ್ಯತೆಯ ಕರಾರಿತ್ತು, ರುಜುವಿತ್ತು;
ಮೂಗಿಗೆ ಯಾರೂ ಬರೆಸಿಕೊಂಡಿರಲಿಲ್ಲ.

ನಮ್ಮ ಕಂಪನಿಗೆ ನಲವತ್ತೊಂದು ಹಕ್ಕು:
ಜೀನಿನ ಮೇಲೆ, ಅದ ಹೊತ್ತ ಯೀಸ್ಟಿನ ಮೇಲೆ,
ಆ ಯೀಸ್ಟು ಉಗುಳುವ ಪ್ರೋಟೀನಿನ ಮೇಲೆ,
ಶೇಕಡ ತೊಂಬತ್ತು ಅದನ್ನು ಹೋಲುವ ಇನ್ನೆಲ್ಲದರ ಮೇಲೆ.
ಅವರೋ, ಪೇಟೆಂಟ್ ಬರೆದರೆ ಗುಟ್ಟು ಬಿಚ್ಚಬೇಕಲ್ಲ ಎಂದು
ಏನೂ ಬರೆಯದೆ ಬಾಯಿ ಹೊಲಿದುಕೊಂಡವರು.
ನಮ್ಮದು ಬೇಲಿ. ಅವರದು ಬೀಗ.
ಬೇಲಿಯೊಳಗೆ ನಮ್ಮ ಯೀಸ್ಟು
ಪ್ರತಿ ಮೂರನೆಯ ಬ್ಯಾಚಿಗೆ ಸಾಯುತ್ತಿತ್ತು.
ಬೀಗದೊಳಗೆ ಅವರದು ಸೊಗಸಾಗಿ ಬದುಕಿ
ನಮ್ಮ ಜೀನಿಲ್ಲದೆ ಸುಮ್ಮನೆ ನೊರೆಯುತ್ತಿತ್ತು.

ಮ್ಯೂನಿಕ್ಕಿನ ವಿಚಾರಣೆಯಲ್ಲಿ
ಒಂದು ಅಲ್ಪವಿರಾಮಕ್ಕೆ ಅರ್ಧ ದಿನ ಹೊಡೆದಾಡಿದರು.
ಹೊರಗಿನ ಬೆಂಚಿನಲ್ಲಿ ಸಾಕ್ಷಿಗಳು ನಾವು, ಆ ಕಡೆ, ಈ ಕಡೆ.
ಹಿಲ್ಲೆವಿ ಅರ್ಧ ಕಿತ್ತಳೆ ನೀಡಿದಳು.
ತಿನ್ನಬಹುದೇ ಎಂದು ವಕೀಲನನ್ನು ಕೇಳಿ ತಿಂದೆ.

ನವೆಂಬರಿನಲ್ಲಿ ರಾಜಿಯಾಯಿತು.
ಇಬ್ಬರ ದುಡ್ಡೂ ಸೋರಿ ಸಾಕಾಗಿತ್ತೋ,
ಮೂರನೆಯವರ್ಯಾರೋ ಹಿಂದಿನಿಂದ ಹತ್ತಿರವಾಗಿದ್ದರೋ,
ನಮಗೆ ಹೇಳಲಿಲ್ಲ.
ಫೋಟೋದಲ್ಲಿ ಎರಡು ಕೈ ಕುಲುಕುತ್ತಿವೆ.
ಎರಡೂ ಚೊಕ್ಕ, ಯಾವ ವಾಸನೆಯೂ ಇರಲಾರದು.
ಅನುಬಂಧದ ಕೊನೆಗೆ, ಪರಸ್ಪರ ಮಾತಾಡಬಹುದಾದವರ ಪಟ್ಟಿ:
ಹದಿನೇಳನೆಯವಳು ಅವಳು,
ಹದಿನೆಂಟು ನಾನು.

ಮರುದಿನ ಆರೂ ಹದಿನಾಲ್ಕಕ್ಕೆ
ಅನುಮತಿ ಸಿಕ್ಕ ಮಾತು ಬಾಯಿಗೆ ಬಾರದು.
ಸುರಂಗ ಮುಗಿಯಿತು. ಸೇತುವೆ. ಬೂದಿ ಬಣ್ಣದ ನೀರು.
ಕೇಳಿಯೇಬಿಟ್ಟೆ: ನಿಮ್ಮದು ಯಾಕೆ ಸಾಯುವುದಿಲ್ಲ?

ಅಲುಗಿಸುವುದಿಲ್ಲ, ಎಂದಳು.
ಮೊದಲ ಆರು ಗಂಟೆ ಶೇಕರ್ ನಿಲ್ಲಿಸುತ್ತೇವೆ. ಅಷ್ಟೆ.

ಅಷ್ಟೆಯಾ?

ಅಷ್ಟೆ. ಉತ್ತರದ ನಮ್ಮ ಹಳ್ಳಿಯಲ್ಲಿ ಗುನ್‌ವೋರ್ ಅಜ್ಜಿ
ಹೆಪ್ಪು ಹಾಕಿದ ಹಾಲಿಗೆ ತಟ್ಟೆ ಮುಚ್ಚಿ
ಒಲೆಯ ಹಿಂದಿಡುವಳು. ನಾವು ಓಡಿ ನೆಲ ಅದುರಿದರೆ
ಗದರುವಳು: ಮೆಲ್ಲಗೆ, ಅದು ಯೋಚನೆ ಮಾಡುತ್ತಿದೆ.
ನಮ್ಮ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರುವುದು,
ಅವರದು ಕೆಟ್ಟರೆ ನಮ್ಮಲ್ಲಿಂದ.
ಒಂದು ಬೇಸಿಗೆ ಎರಡೂ ಮನೆಯದು ಕೆಟ್ಟು,
ಮೊಸರಲ್ಲದ್ದಿ ಒಣಗಿಸಿಟ್ಟ ಬಟ್ಟೆಚೂರೊಂದನ್ನು
ಹಾಲಿನಲ್ಲಿ ನೆನೆಸಿದಳು. ಹೆಪ್ಪಾಯಿತು.
ಆ ಚೂರು ಯಾರ ಮನೆಯದೆಂದು
ಯಾರಿಗೂ ನೆನಪಿರಲಿಲ್ಲ.

ನನ್ನ ನಿಲ್ದಾಣ ಬಂದು ಹೋಗಿತ್ತು.

ಒಂಬತ್ತು ವರ್ಷ. ಸತ್ತ ಬ್ಯಾಚು
ಎಷ್ಟು ಚರಂಡಿಗೆ ಸುರಿದೆನೋ.
ನಲವತ್ತೊಂದು ಹಕ್ಕಿನಲ್ಲಿ ಒಂದಾದರೂ
ಸುಮ್ಮನಿರಿ ಎನ್ನಲಿಲ್ಲ.

ಜಂಟಿ ಯೋಜನೆಯ ಮೊದಲ ಅರ್ಜಿಯಲ್ಲಿ
ಸಂಶೋಧಕರ ಹೆಸರು ಎಂಬಲ್ಲಿ
ಗುನ್‌ವೋರ್ ಎಂದು ತುಂಬಿ ಕಳಿಸಿದೆ.
ಮಧ್ಯಾಹ್ನ ವಕೀಲನ ಫೋನು, ಏರಿದ ಗಂಟಲು:
ಯಾರು ಸ್ವಾಮಿ ಈಕೆ? ನಮ್ಮ ಕಡೆಯವರೋ, ಅವರ ಕಡೆಯವರೋ?

ಶೇಕರ್ ನಿಲ್ಲಿಸಿ ನಾಲ್ಕನೆಯ ಗಂಟೆ.
ಸ್ವಲ್ಪ ಮೆಲ್ಲಗೆ ಮಾತಾಡಿ, ಎಂದೆ.